ಬೆಚ್ಚಗಿನ ಪೆಟ್ಟಿಗೆಯಲ್ಲಿ ಮೊಳಕೆ ರಾಗಿ

ಸಹೋದರಿಯರೇ, ಮಳೆಗಾಲದಲ್ಲಿ ನೀವು ಎಂದಾದರೂ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆಗೆ ಇಟ್ಟಿದ್ದೀರಾ? ಮೂರನೆಯ ದಿನ ಗಂಟು ಬಿಚ್ಚಿದಾಗ ಬಿಳಿ ಮೊಳಕೆಯ ಬದಲು ಹುಳಿ ವಾಸನೆ ಮೂಗಿಗೆ ಬಡಿದದ್ದುಂಟೇ? ಆಗ ನೀವೇನು ಮಾಡಿದಿರಿ? ಎಸೆದಿರಾ, ಅಥವಾ "ಪಾಪ, ಒಂದು ಕಿಲೋ ರಾಗಿ ಹಾಳಾಯಿತಲ್ಲ" ಎಂದು ನಾಲ್ಕು ನೀರಿನಲ್ಲಿ ತೊಳೆದು ಒಣಗಲು ಹಾಕಿದಿರಾ?

ನಾನು ತೊಳೆದು ಒಣಗಿಸಿದವಳು. ಅದರ ಫಲವನ್ನು ಅನುಭವಿಸಿದ್ದು ನನ್ನ ಏಳು ತಿಂಗಳ ಮಗು.

ನಾನು ಹುಟ್ಟಿ ಬೆಳೆದದ್ದು ಕರಾವಳಿಯಲ್ಲಿ. ಅಲ್ಲಿ ಮೊಳಕೆ ಬರಿಸುವುದು ಒಂದು ಕೆಲಸವೇ ಅಲ್ಲ. ಉಮ್ಮ ಬೆಳಿಗ್ಗೆ ಕಾಳು ನೆನೆಸುತ್ತಿದ್ದರು, ರಾತ್ರಿ ಮಲಗುವಾಗ ಬಟ್ಟೆಯಲ್ಲಿ ಕಟ್ಟಿಡುತ್ತಿದ್ದರು. ಮರುದಿನ ಏಳುವಷ್ಟರಲ್ಲಿ ಹೆಸರುಕಾಳು ಬಾಲ ಬಿಟ್ಟಿರುತ್ತಿತ್ತು. ಮದುವೆಯಾಗಿ ಘಟ್ಟದ ಮೇಲೆ ಮೂಡಿಗೆರೆ ಕಡೆಗೆ ಬಂದ ಮೇಲೆ ಅದೇ ಕಾಳು, ಅದೇ ಬಟ್ಟೆ, ಅದೇ ಕೈ. ಆದರೆ ಜುಲೈ ತಿಂಗಳ ಆ ಚಳಿಯಲ್ಲಿ ರಾಗಿ ಮೊಳೆಯಲಿಲ್ಲ. ಫೋನಿನಲ್ಲಿ ಉಮ್ಮನನ್ನು ಕೇಳಿದಾಗ, "ಒಲೆಯ ಹತ್ತಿರ ಇಡು ಮಗಳೇ" ಎಂದರು. ಇಟ್ಟೆ. ಒಲೆಯ ಕಡೆಗಿದ್ದ ಕಾಳು ಬಿಸಿಯಾಗಿ ಲೋಳೆ ಲೋಳೆಯಾಯಿತು, ಗೋಡೆಯ ಕಡೆಗಿದ್ದದ್ದು ಹಾಗೆಯೇ ಉಳಿಯಿತು. ನಡುವೆ ಅಲ್ಲಲ್ಲಿ ಒಂದಿಷ್ಟು ಮೊಳೆತಿತ್ತು. ವಾಸನೆ ಬಂದಿತ್ತು. ಅದನ್ನೇ ತೊಳೆದು, ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ, ಬೀಸಿ, ಮಗುವಿಗೆ ಸರಿ ಮಾಡಿ ಉಣಿಸಿದೆ. ಮೂರನೆಯ ದಿನ ಭೇದಿ ಶುರುವಾಯಿತು. ನಾಲ್ಕು ದಿನ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಾಡಿದೆ. ಆ ಸರಿಯಿಂದಲೇ ಹಾಗಾಯಿತೆಂದು ಯಾರೂ ಖಚಿತವಾಗಿ ಹೇಳಲಿಲ್ಲ. ಆದರೆ ವಾಸನೆ ಬಂದದ್ದು ಗೊತ್ತಿದ್ದೂ ನಾನು ಎಸೆದಿರಲಿಲ್ಲ. ಅದು ಇಂದಿಗೂ ಮನಸ್ಸಿನಲ್ಲಿ ಕೊರೆಯುತ್ತದೆ. ಆ ಮಗು ಈಗ ಕಾಲೇಜು ಕಲಿಯುತ್ತಿದ್ದಾಳೆ.

ಇತ್ತೀಚೆಗೆ ನಮ್ಮೂರಿನ ನಾಲ್ಕೈದು ಮಹಿಳೆಯರು ಸೇರಿ ರಾಗಿ ಮಾಲ್ಟ್ ತಯಾರಿಸಿ ಮಾರಲು ಆರಂಭಿಸಿದ್ದಾರೆ. ಅವರ ಮನೆಯಲ್ಲಿ ಬಡಗಿಯಿಂದ ಮಾಡಿಸಿದ ಒಂದು ಪೆಟ್ಟಿಗೆ ನೋಡಿದೆ. ಟಿಫಿನ್ ಕ್ಯಾರಿಯರ್‌ನಂತೆ ಒಂದರ ಮೇಲೊಂದು ಕೂರುವ ಅಂತಸ್ತುಗಳು, ಒಳಗೆ ಹದವಾದ ಬಿಸಿ. ಹೊರಗೆ ಧೋ ಎಂದು ಮಳೆ ಸುರಿಯುತ್ತಿದ್ದರೂ ಒಳಗೆ ಪ್ರತಿ ತಟ್ಟೆಯಲ್ಲೂ ರಾಗಿ ಒಂದೇ ಸಮನಾಗಿ ಮೊಳೆತಿತ್ತು. ಇದು ಅಂದು ನನ್ನಲ್ಲಿದ್ದಿದ್ದರೆ ಎಂದು ಮನಸ್ಸು ಹೇಳಿತು. ಆದರೆ ಅವರೊಂದಿಗೆ ಎರಡು ದಿನ ಕುಳಿತು ಕೆಲಸ ನೋಡಿದ ಮೇಲೆ, ಪೆಟ್ಟಿಗೆ ಮಾತ್ರ ಇದ್ದಿದ್ದರೂ ನಾನು ಅದೇ ತಪ್ಪನ್ನು ಮಾಡುತ್ತಿದ್ದೆ ಎಂದು ಅರ್ಥವಾಯಿತು. ಅದು ಏಕೆಂದು ನಿಮಗೂ ತಿಳಿಸೋಣವೆಂದು ಈ ಬರಹ.

ಮೊಳಕೆಯಿಂದ ಆಗುವುದೇನು?

ಒಣ ಕಾಳು ಸತ್ತದ್ದಲ್ಲ, ಮಲಗಿದ್ದು. ನೀರು ಸಿಕ್ಕಿದೊಡನೆ ಅದು ಎಚ್ಚರಗೊಳ್ಳುತ್ತದೆ. ಬೇರು ಬಿಟ್ಟು, ಎಲೆ ಬಿಟ್ಟು ಸ್ವಂತ ಆಹಾರ ತಯಾರಿಸುವ ತನಕ ಎಳೆಯ ಸಸಿಗೆ ಬೇಕಾದ ಬುತ್ತಿ ಕಾಳಿನೊಳಗೇ ಇದೆ. ಅದು ಪಿಷ್ಟ. ಆದರೆ ಪಿಷ್ಟವನ್ನು ಸಸಿ ನೇರವಾಗಿ ಉಣ್ಣಲಾರದು. ಅದಕ್ಕಾಗಿ ಕಾಳು ಅಮೈಲೇಸ್ ಎಂಬ ಕಿಣ್ವವನ್ನು ಉತ್ಪಾದಿಸುತ್ತದೆ. ಈ ಕಿಣ್ವವು ಉದ್ದುದ್ದ ಸರಪಳಿಯಂತಿರುವ ಪಿಷ್ಟವನ್ನು ಕತ್ತರಿಸಿ ಚಿಕ್ಕ ಚಿಕ್ಕ ಸಕ್ಕರೆಯಾಗಿ ಮಾಡುತ್ತದೆ. ಮೊಳಕೆ ರಾಗಿ ಬಾಯಿಗೆ ಸಿಹಿಯಾಗುವುದು ಇದರಿಂದಲೇ. ಕಾಳಿನಲ್ಲಿರುವ ಕಬ್ಬಿಣದ ಅಂಶವನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಎಂಬ ವಸ್ತು ಕೂಡಾ ಮೊಳಕೆಯಲ್ಲಿ ಕಡಿಮೆಯಾಗುತ್ತದೆ. ಹಾಗಾಗಿ ಕಬ್ಬಿಣ ದೇಹಕ್ಕೆ ಸುಲಭವಾಗಿ ದಕ್ಕುತ್ತದೆ. ರಾಗಿಯಲ್ಲಿ ಸುಣ್ಣದ ಅಂಶ ಧಾರಾಳವಾಗಿದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತಲೂ ಹೆಚ್ಚು. ಅಕ್ಕಿ, ಗೋಧಿಗಳು ಇದರ ಹತ್ತಿರವೂ ಬರುವುದಿಲ್ಲ.

ಆದರೆ ಮಗುವಿನ ಮಟ್ಟಿಗೆ ಇದೆಲ್ಲಕ್ಕಿಂತ ದೊಡ್ಡ ಲಾಭ ಬೇರೆಯೇ ಇದೆ. ಆರು ತಿಂಗಳವರೆಗೆ ಮಗುವಿಗೆ ಎದೆಹಾಲು ಮಾತ್ರ ಸಾಕು. ಅನಂತರ ಎದೆಹಾಲಿನ ಜೊತೆಗೆ ಮೆತ್ತಗಿನ ಆಹಾರ ಕೊಡಬೇಕು. ಎದೆಹಾಲನ್ನು ಎರಡು ವರ್ಷದವರೆಗೆ ಮುಂದುವರಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪವಿತ್ರ ಕುರ್‌ಆನ್ ಎರಡು ಪೂರ್ಣ ವರ್ಷಗಳ ಬಗ್ಗೆ ಹೇಳಿರುವುದು ನಿಮಗೆಲ್ಲ ಗೊತ್ತೇ ಇದೆ. ಕಷ್ಟ ಬರುವುದು ಸರಿ ಕಾಯಿಸುವಾಗ. ಎಂಟು ಕಿಲೋ ತೂಕದ ಮಗುವಿನ ಹೊಟ್ಟೆಯಲ್ಲಿ ಒಂದು ಸಲಕ್ಕೆ ಹಿಡಿಯುವುದು ಸುಮಾರು ಒಂದು ಲೋಟದಷ್ಟು ಮಾತ್ರ. ಹಿಟ್ಟು ಜಾಸ್ತಿ ಹಾಕಿದರೆ ಸರಿ ಮುದ್ದೆಯಂತೆ ಗಟ್ಟಿಯಾಗಿ ಮಗು ಉಗುಳುತ್ತದೆ. ಅದಕ್ಕೆ ನಾವು ನೀರು ಸುರಿದು ತೆಳು ಮಾಡುತ್ತೇವೆ. ಆಗ ಮಗು ಗುಟುಕು ಗುಟುಕಾಗಿ ಕುಡಿಯುತ್ತದೆ, ಹೊಟ್ಟೆಯೂ ತುಂಬುತ್ತದೆ. ಆದರೆ ತುಂಬಿದ್ದು ಹೆಚ್ಚಾಗಿ ನೀರು. "ಲೋಟ ತುಂಬಾ ಕುಡಿಯುತ್ತಾನೆ, ಆದರೂ ಮೈ ಹಿಡಿಯುವುದಿಲ್ಲ" ಎಂದು ತಾಯಂದಿರು ದೂರುವುದನ್ನು ನೀವು ಕೇಳಿರಬಹುದು. ಅದಕ್ಕೆ ಒಂದು ಕಾರಣ ಇದು.

ಮೊಳಕೆ ಹಿಟ್ಟಿನ ಸರಿ ಹಾಗಲ್ಲ. ಕಿಣ್ವವು ಪಿಷ್ಟವನ್ನು ಕತ್ತರಿಸುವುದರಿಂದ ಹೆಚ್ಚು ಹಿಟ್ಟು ಹಾಕಿದರೂ ಸರಿ ಗಟ್ಟಿಯಾಗುವುದಿಲ್ಲ. ಅದೇ ಒಂದು ಲೋಟದಲ್ಲಿ ಹೆಚ್ಚು ಆಹಾರ ಮಗುವಿನ ಹೊಟ್ಟೆ ಸೇರುತ್ತದೆ. ಮೈಸೂರಿನ ಸಿ.ಎಫ್.ಟಿ.ಆರ್.ಐ. ಸಂಸ್ಥೆಯ ವಿಜ್ಞಾನಿಗಳಾದ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಸಿಕಾಚಾರ್ ಅವರು 1980ರ ದಶಕದಲ್ಲಿ ಮೊಳಕೆ ರಾಗಿ ಮತ್ತು ಮೊಳಕೆ ಹೆಸರುಕಾಳು ಸೇರಿಸಿ ಮಕ್ಕಳ ಆಹಾರವನ್ನು ರೂಪಿಸಿದ್ದು ಇದೇ ಗುಣವನ್ನು ಆಧರಿಸಿ. ಬರೋಡಾದಲ್ಲಿ ತಾರಾ ಗೋಪಾಲದಾಸ್ ಅವರ ತಂಡ ಮೊಳಕೆ ಗೋಧಿಯ ಹಿಟ್ಟಿನಿಂದ ಇಂತಹದ್ದೇ ಕೆಲಸ ಮಾಡಿತು. ನಮ್ಮ ಅಜ್ಜಿಯಂದಿರು ಹಿಂದಿನಿಂದಲೂ ಮಾಡುತ್ತಾ ಬಂದದ್ದಕ್ಕೆ ಅವರು ಕಾರಣ ಕಂಡುಕೊಂಡರು ಎನ್ನಬಹುದು.

ನೀವೇ ಪರೀಕ್ಷಿಸಿ ನೋಡಿ

ಇದನ್ನು ನಂಬಲು ನೀವು ಪ್ರಯೋಗಶಾಲೆಗೆ ಹೋಗಬೇಕಾಗಿಲ್ಲ. ಸಾಮಾನ್ಯ ರಾಗಿ ಹಿಟ್ಟಿನಿಂದ ಚಮಚ ನೆಟ್ಟಗೆ ನಿಲ್ಲುವಷ್ಟು ದಪ್ಪದ ಸರಿ ಕಾಯಿಸಿ. ಒಲೆಯಿಂದ ಇಳಿಸಿ ಕುದಿ ಆರಲು ಬಿಡಿ. ಹಬೆಯಾಡುತ್ತಿರಬೇಕು, ಆದರೆ ಕುದಿಯುತ್ತಿರಬಾರದು. ಆಗ ಹುರಿಯದ ಮೊಳಕೆ ಹಿಟ್ಟನ್ನು ಒಂದು ಚಿಕ್ಕ ಚಮಚ ಹಾಕಿ ಚೆನ್ನಾಗಿ ಕಲಕಿ. ಐದು ಹತ್ತು ನಿಮಿಷದೊಳಗೆ ಆ ಗಟ್ಟಿ ಸರಿ ನಿಮ್ಮ ಕಣ್ಣೆದುರೇ ತೆಳ್ಳಗಾಗಿ ಹರಿಯತೊಡಗುತ್ತದೆ. ಒಂದು ಹನಿ ನೀರೂ ಸೇರಿಸಿಲ್ಲ! ಮೊದಲ ಸಲ ನೋಡಿದಾಗ ನನಗೆ ಆಶ್ಚರ್ಯವಾಯಿತು.

ಇಲ್ಲಿ ಎರಡು ಮಾತು ನೆನಪಿಡಿ. ಕುದಿಯುವ ಸರಿಗೆ ಹಿಟ್ಟು ಹಾಕಿದರೆ ಕಿಣ್ವ ಕೂಡಲೇ ನಾಶವಾಗಿ ಏನೂ ಆಗುವುದಿಲ್ಲ. ಚೆನ್ನಾಗಿ ಹುರಿದ ಹಿಟ್ಟಿನಲ್ಲೂ ಈ ಶಕ್ತಿ ಇರುವುದಿಲ್ಲ. ಎರಡನೆಯದು ಇನ್ನೂ ಮುಖ್ಯ. ಸರಿ ತೆಳ್ಳಗಾದ ಮೇಲೆ ಅದನ್ನು ಮತ್ತೆ ಒಲೆಯ ಮೇಲಿಟ್ಟು ಕುದಿಸಿಯೇ ಮಗುವಿಗೆ ಕೊಡಬೇಕು. ಏಕೆಂದು ಮುಂದೆ ಹೇಳುತ್ತೇನೆ.

ಮಾಲ್ಟ್ ಎಂದರೆ ಬಿಯರಿನ ವಸ್ತುವಲ್ಲವೇ?

ಮಾಲ್ಟ್ ಎಂಬ ಹೆಸರು ಕೇಳಿ ಹಿಂಜರಿಯುವ ಸಹೋದರಿಯರಿದ್ದಾರೆ. "ಬಾರ್ಲಿ ಮಾಲ್ಟ್‌ನಿಂದ ಬಿಯರ್ ಮಾಡುತ್ತಾರಂತೆ, ಹಾಗಾದರೆ ರಾಗಿ ಮಾಲ್ಟ್ ಮಗುವಿಗೆ ಕೊಡಬಹುದೇ?" ಎಂದು ನನ್ನನ್ನೇ ಕೇಳಿದವರಿದ್ದಾರೆ. ಪ್ರಶ್ನೆ ತಪ್ಪಲ್ಲ. ಮಾಲ್ಟ್ ಎಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯ, ಅಷ್ಟೇ. ಅದರಲ್ಲಿ ಅಮಲಿಲ್ಲ. ಅದರ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ, ಯೀಸ್ಟ್ ಹಾಕಿ ದಿನಗಟ್ಟಲೆ ಹುದುಗಿಸಿದಾಗ ಮಾತ್ರ ಮದ್ಯ ಉಂಟಾಗುತ್ತದೆ. ದ್ರಾಕ್ಷಿಯಿಂದ ವೈನ್ ಮಾಡುತ್ತಾರೆಂದು ನಾವು ದ್ರಾಕ್ಷಿ ಬಿಡುತ್ತೇವೆಯೇ?

ಉಜ್ಬೇಕಿಸ್ತಾನ, ತಜಿಕಿಸ್ತಾನಗಳ ಮುಸ್ಲಿಮ್ ಮಹಿಳೆಯರು ವಸಂತಕಾಲದಲ್ಲಿ ಸುಮಲಕ್ ಎಂಬ ಸಿಹಿ ತಯಾರಿಸುತ್ತಾರೆ. ಇರಾನಿನಲ್ಲಿ ಅದಕ್ಕೆ ಸಮನು ಎನ್ನುತ್ತಾರೆ, ಅಫ್ಘಾನಿಸ್ತಾನದಲ್ಲಿ ಸಮನಕ್. ಗೋಧಿಯನ್ನು ಮೊಳಕೆ ಬರಿಸಿ, ಅರೆದು, ರಸ ಹಿಂಡಿ, ಹಿಟ್ಟು ಸೇರಿಸಿ ದೊಡ್ಡ ಕಡಾಯಿಯಲ್ಲಿ ರಾತ್ರಿಯಿಡೀ ಕಾಯಿಸುತ್ತಾರೆ. ನೆರೆಹೊರೆಯ ಹೆಂಗಸರು ಸರದಿಯಂತೆ ಸೌಟು ಹಿಡಿದು ಕಲಕುತ್ತಾರೆ. ತಳ ಹಿಡಿಯದಂತೆ ಉಜ್ಬೇಕ್ ಮಹಿಳೆಯರು ಕಡಾಯಿಗೆ ನುಣುಪಾದ ಕಲ್ಲುಗಳನ್ನು ಹಾಕುವುದೂ ಉಂಟು. ಒಂದು ಚಿಟಿಕೆ ಸಕ್ಕರೆ ಹಾಕದಿದ್ದರೂ ಬೆಳಗಾಗುವಷ್ಟರಲ್ಲಿ ಅದು ಕಂದು ಬಣ್ಣದ ಸಿಹಿಯಾಗಿರುತ್ತದೆ. ನಮ್ಮ ರಾಗಿ ಸರಿಯನ್ನು ತೆಳ್ಳಗಾಗಿಸುವ ಕಿಣ್ವವೇ ಅಲ್ಲಿ ಗೋಧಿಯನ್ನು ಸಿಹಿಯಾಗಿಸುತ್ತದೆ.

ಪೆಟ್ಟಿಗೆಯ ಒಳಗೆ

ಈಗ ಪೆಟ್ಟಿಗೆಗೆ ಬರೋಣ. ನಾನು ನೋಡಿದ ಪೆಟ್ಟಿಗೆಯ ಒಂದೊಂದು ಅಂತಸ್ತು ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅರ್ಧ ಅಡಿ ಎತ್ತರದ ಮರದ ಚೌಕಟ್ಟು. ಒಂದು ಚೌಕಟ್ಟಿನ ಅಂಚು ಇನ್ನೊಂದರ ಮೇಲೆ ಸರಿಯಾಗಿ ಕೂರುವಂತೆ ಗಾಡಿ ತೆಗೆದಿದ್ದಾರೆ, ಬಿಸಿ ಹೊರಗೆ ಸೋರುವುದಿಲ್ಲ. ಪ್ರತಿ ಅಂತಸ್ತಿನಲ್ಲಿ ತೂತುಗಳಿರುವ ಒಂದು ಸ್ಟೀಲ್ ತಟ್ಟೆ. ತಟ್ಟೆ ಚೌಕಟ್ಟಿಗಿಂತ ಸ್ವಲ್ಪ ಚಿಕ್ಕದು, ಸುತ್ತಲೂ ಗಾಳಿ ಓಡಾಡಲು ಬೆರಳಗಲ ಜಾಗ ಬಿಟ್ಟಿದ್ದಾರೆ. ಒಂದು ತಟ್ಟೆಗೆ ಒಂದೂವರೆ ಕಿಲೋ ರಾಗಿ. ಬೇಡಿಕೆ ಕಡಿಮೆಯಿದ್ದಾಗ ಒಂದೇ ಅಂತಸ್ತು, ಹೆಚ್ಚಾದಾಗ ನಾಲ್ಕು. ಒಂದರ ಮೇಲೊಂದು ಇಡುವುದರ ಪ್ರಯೋಜನ ಇದು. ಅಡುಗೆಮನೆಯ ನೆಲದಲ್ಲಿ ಹಿಡಿಯುವ ಜಾಗ ಅಷ್ಟೇ.

ಎಲ್ಲಕ್ಕಿಂತ ಕೆಳಗಿನ ಅಂತಸ್ತಿನಲ್ಲಿ ಬಿಸಿ ಕೊಡುವ ಸಾಧನ. ಚಿಕ್ಕ ಪೆಟ್ಟಿಗೆಗೆ 40 ವಾಟ್‌ನ ಹಳೆಯ ಕಾಲದ ತಂತಿ ಬಲ್ಬ್ ಸಾಕು. ಈಗಿನ ಎಲ್.ಇ.ಡಿ. ಬಲ್ಬಿನಿಂದ ಈ ಕೆಲಸ ಆಗದು, ಅದು ಬೆಳಕು ಕೊಡುತ್ತದೆಯೇ ಹೊರತು ಬೇಕಾದಷ್ಟು ಬಿಸಿ ಕೊಡುವುದಿಲ್ಲ. ಬಲ್ಬಿನ ಮೇಲ್ಗಡೆ ಒಂದು ಅಗಲವಾದ ಪಾತ್ರೆಯಲ್ಲಿ ನೀರು, ಒಳಗಿನ ಗಾಳಿ ಒಣಗದಿರಲು. ನಡುವಿನ ತಟ್ಟೆಯ ಬಳಿ ಥರ್ಮೋಸ್ಟಾಟಿನ ತುದಿ. ಕೋಳಿಮೊಟ್ಟೆ ಮರಿ ಮಾಡಿಸುವ ಪೆಟ್ಟಿಗೆಗೆ ಹಾಕುತ್ತಾರಲ್ಲ, ಅಂತಹದ್ದೇ. 28 ಡಿಗ್ರಿ ದಾಟಿದರೆ ಬಲ್ಬ್ ತಾನಾಗಿ ಆರುತ್ತದೆ, ಇಳಿದರೆ ಹತ್ತಿಕೊಳ್ಳುತ್ತದೆ. 40 ವಾಟ್ ಬಲ್ಬ್ ದಿನವಿಡೀ ಉರಿದರೂ ಒಂದು ಯೂನಿಟ್ ವಿದ್ಯುತ್ ಆಗುವುದಿಲ್ಲ.

ನೀರು ಮತ್ತು ವಿದ್ಯುತ್ ಜೊತೆಗಿರುವ ಜಾಗ ಇದು. ಆದ್ದರಿಂದ ವೈರಿಂಗನ್ನು ತಿಳಿದವರಿಂದಲೇ ಮಾಡಿಸಿ. ಮೂರು ಪಿನ್ನಿನ ಪ್ಲಗ್, ಅರ್ಥಿಂಗ್ ಇರಲೇಬೇಕು. ತಟ್ಟೆಯಿಂದ ತೊಟ್ಟಿಕ್ಕುವ ನೀರು ಬಲ್ಬಿನ ಮೇಲೆ ಬೀಳದಂತೆ ಇಳಿಜಾರಾದ ತಗಡು ಬೇಕು. ತಟ್ಟೆ ಹೊರತೆಗೆಯುವಾಗ ಸ್ವಿಚ್ ಆರಿಸಿ. ಬಿಸಿ ಉಳಿಯಲೆಂದು ಒಳಗೋಡೆಗೆ ಥರ್ಮಾಕೋಲ್ ಹಚ್ಚುವವರು ಬಲ್ಬಿನ ಅಂತಸ್ತಿನಲ್ಲಿ ಅದನ್ನು ಬಳಸಬಾರದು. ಅದು ಬಿಸಿಗೆ ಕರಗುತ್ತದೆ, ಬೆಂಕಿಯೂ ಹಿಡಿಯುತ್ತದೆ.

ಹೆಚ್ಚು ಬಿಸಿ ಒಳ್ಳೆಯದಲ್ಲ

ಬೇಗ ಮೊಳೆಯಲಿ ಎಂದು ಬಿಸಿ ಏರಿಸುವ ಆಸೆ ನಮಗೆಲ್ಲರಿಗೂ ಬರುತ್ತದೆ. ರಾಗಿಗೆ ಬೇಕಾದದ್ದು 25ರಿಂದ 30 ಡಿಗ್ರಿ. ಕರಾವಳಿಯಲ್ಲಿ ನನ್ನ ಉಮ್ಮನ ಅಡುಗೆಮನೆಯಲ್ಲಿ ಅಷ್ಟು ಬಿಸಿ ವರ್ಷವಿಡೀ ತಾನಾಗಿಯೇ ಇತ್ತು, ಅವರ ಬಟ್ಟೆಯ ಗಂಟು ಸೋಲದಿರಲು ಅದೇ ಕಾರಣ. ಘಟ್ಟದ ಮೇಲೆ ಮಳೆಗಾಲದಲ್ಲಿ 20 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ, ಮೊಳಕೆ ನಿಧಾನವಾಗುತ್ತದೆ. ಪೆಟ್ಟಿಗೆ ತುಂಬಬೇಕಾದದ್ದು ಈ ಎಂಟು ಹತ್ತು ಡಿಗ್ರಿಯ ಕೊರತೆಯನ್ನು ಮಾತ್ರ.

ಇನ್ನೊಂದು ಸಂಗತಿ ನನಗೆ ಮೊದಲು ಗೊತ್ತಿರಲಿಲ್ಲ. ಮೊಳೆಯುವ ಕಾಳು ಉಸಿರಾಡುತ್ತದೆ, ಉಸಿರಾಡುವಾಗ ತಾನೇ ಬಿಸಿ ಬಿಡುತ್ತದೆ. ದಪ್ಪಗೆ ಗುಡ್ಡೆ ಹಾಕಿದ ಕಾಳಿನೊಳಗೆ ಕೈ ಹಾಕಿ ನೋಡಿ, ಬೆಚ್ಚಗಿರುತ್ತದೆ. ಆದ್ದರಿಂದ ಕಾಳನ್ನು ಒಂದು ಅಂಗುಲಕ್ಕಿಂತ ತೆಳ್ಳಗೆ ಹರಡಬೇಕು. ದಿನಕ್ಕೆ ಮೂರು ಸಲ ಕೈಯಾಡಿಸಬೇಕು. ಪೆಟ್ಟಿಗೆಗೆ ಕೆಳಗೂ ಮೇಲೂ ಗಾಳಿಯ ತೂತುಗಳು ಬೇಕು. ಬಿಸಿ ಎಲ್ಲ ಅಂತಸ್ತಿನಲ್ಲೂ ಒಂದೇ ಸಮ ಇರುವುದಿಲ್ಲ. ಹಾಗಾಗಿ ನೀರು ಚಿಮುಕಿಸುವಾಗಲೆಲ್ಲ ಮೇಲಿನ ತಟ್ಟೆಯನ್ನು ಕೆಳಗೆ, ಕೆಳಗಿನದ್ದನ್ನು ಮೇಲೆ ಬದಲಿಸುತ್ತಿರಬೇಕು. ಆ ಮಹಿಳೆಯರು ಪ್ರತಿ ತಟ್ಟೆಗೂ ಒಂದು ಥರ್ಮಾಮೀಟರ್ ಇಟ್ಟು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತಾರೆ.

ಕಾಳಿನ ಜೊತೆ ಬೆಳೆಯುವುದು ಇನ್ನೇನು?

ನನ್ನ ತಪ್ಪು ಏನೆಂದು ನನಗೆ ಅರ್ಥವಾದದ್ದು ಇಲ್ಲಿ. ಬಿಸಿ, ತೇವ, ಸಿಹಿಯಾಗುತ್ತಿರುವ ಪಿಷ್ಟ. ಮೊಳಕೆಗೆ ಬೇಕಾದದ್ದು ಇವೇ. ರೋಗಾಣುಗಳಿಗೆ ಬೇಕಾದದ್ದೂ ಇವೇ. ಹೊಲದಲ್ಲಿ, ಗೋದಾಮಿನಲ್ಲಿ, ಚೀಲದಲ್ಲಿ ಕಾಳಿಗೆ ಅಂಟಿಕೊಂಡ ನಾಲ್ಕು ರೋಗಾಣುಗಳು ಬೆಚ್ಚಗಿನ ಪೆಟ್ಟಿಗೆಯಲ್ಲಿ ಎರಡು ದಿನದಲ್ಲಿ ಲಕ್ಷಗಟ್ಟಲೆ ಆಗಬಲ್ಲವು. ಕಾಳಿನ ಬಿರುಕುಗಳೊಳಗೆ ಅಡಗಿರುವವನ್ನು ತೊಳೆದು ಪೂರ್ತಿ ತೆಗೆಯಲಾಗದು. ವಾಸನೆ ಬಂದ ಕಾಳನ್ನು ನಾನು ನಾಲ್ಕು ನೀರಿನಲ್ಲಿ ತೊಳೆದದ್ದು ವ್ಯರ್ಥ. ಭಯಪಡಬೇಕಾದ ಇನ್ನೊಂದು ವಿಷಯವೆಂದರೆ, ವಾಸನೆಯೇ ಬಾರದಿದ್ದರೂ ಅವು ಇರಬಹುದು.

2011ರಲ್ಲಿ ಜರ್ಮನಿಯಲ್ಲಿ ಇ-ಕೋಲಿ ಎಂಬ ರೋಗಾಣುವಿನ ಒಂದು ಅಪಾಯಕಾರಿ ತಳಿಯಿಂದ ನಾಲ್ಕು ಸಾವಿರದಷ್ಟು ಜನ ಹಾಸಿಗೆ ಹಿಡಿದರು, 50ಕ್ಕೂ ಹೆಚ್ಚು ಮಂದಿ ಸತ್ತರು. ಮೊದಲು ಸೌತೆಕಾಯಿಯ ಮೇಲೆ ಸಂಶಯಪಟ್ಟರು. ಕೊನೆಗೆ ತನಿಖೆ ತಲುಪಿದ್ದು ಮೆಂತ್ಯದ ಮೊಳಕೆಗೆ. 1996ರಲ್ಲಿ ಜಪಾನಿನ ಸಕಾಯಿ ನಗರದಲ್ಲಿ ಶಾಲೆಯ ಊಟದಿಂದ ಸಾವಿರಾರು ಮಕ್ಕಳು ಕಾಯಿಲೆ ಬಿದ್ದಾಗ ಸಂಶಯ ಬಿದ್ದದ್ದು ಮೂಲಂಗಿಯ ಮೊಳಕೆಯ ಮೇಲೆ. ಅವು ಹಸಿಯಾಗಿ ತಿನ್ನುವ ಮೊಳಕೆಗಳು. ನಮ್ಮ ಮನೆಗಳಲ್ಲಿ ಇಂತಹದ್ದು ಆಗಲಾರದು ಎಂದುಕೊಳ್ಳುವ ಹಾಗಿಲ್ಲ.

ಹಾಗೆಂದು ಮೊಳಕೆಯನ್ನೇ ಬಿಡಬೇಕಾಗಿಲ್ಲ. ಚೆನ್ನಾಗಿ ಕುದಿಸಿದರೆ ಈ ರೋಗಾಣುಗಳು ಸಾಯುತ್ತವೆ. ಐದು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ವೃದ್ಧರು, ಕಾಯಿಲೆಯಿಂದ ನಿತ್ರಾಣರಾದವರು ಹಸಿ ಮೊಳಕೆ ತಿನ್ನಬಾರದು. ಬೇಯಿಸಿಯೇ ತಿನ್ನಬೇಕು. ಮೊಳಕೆ ಹಿಟ್ಟಿನಿಂದ ಸರಿಯನ್ನು ತೆಳ್ಳಗೆ ಮಾಡಿದ ಮೇಲೆ ಮತ್ತೆ ಕುದಿಸಬೇಕೆಂದು ನಾನು ಹೇಳಿದ್ದು ಇದಕ್ಕಾಗಿಯೇ. ಕಿಣ್ವ ಉಳಿಯಲೆಂದು ಹುರಿಯದೆ ಇಟ್ಟ ಹಿಟ್ಟಿನಲ್ಲಿ ರೋಗಾಣುಗಳೂ ಉಳಿದಿರಬಹುದಲ್ಲವೇ?

ಮಳೆಗಾಲದ ನಿಜವಾದ ಕಷ್ಟ

ಮೊಳಕೆ ಬಂದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ ಒಣಗಿಸುವುದು. ಒಂದು ಕಿಲೋ ರಾಗಿ ಹತ್ತಿರ ಹತ್ತಿರ 400 ಗ್ರಾಂ ನೀರು ಹೀರಿರುತ್ತದೆ. ಬೇಸಗೆಯಲ್ಲಾದರೆ ಒಂದೆರಡು ದಿನದ ಬಿಸಿಲು ಸಾಕು. ಸೂರ್ಯನ ಮುಖ ಕಾಣದ ಜುಲೈಯಲ್ಲಿ ಏನು ಮಾಡುವುದು? ಅರೆಒಣಗಿದ ಮೊಳಕೆ ರಾಗಿಗೆ ಬೂಷ್ಟು ಹಿಡಿಯಲು ಹೆಚ್ಚು ಹೊತ್ತು ಬೇಡ. ಬೂಷ್ಟಿನ ಕೆಲವು ವಿಷಗಳು ಕುದಿಸಿದರೂ ಹೋಗುವುದಿಲ್ಲ. ಹಾಗಾಗಿ ಬೂಷ್ಟು ಕಂಡ ಕಾಳನ್ನು ಆರಿಸಿ ತೆಗೆಯುವುದು ಬೇಡ, ಆ ತಟ್ಟೆಯನ್ನೇ ಎಸೆಯಿರಿ.

ಆ ಮಹಿಳೆಯರು ಇದೇ ಪೆಟ್ಟಿಗೆಯನ್ನು ಒಣಗಿಸಲೂ ಬಳಸುತ್ತಾರೆ. ನೀರಿನ ಪಾತ್ರೆ ತೆಗೆದು, ಗಾಳಿಯ ತೂತುಗಳನ್ನು ಪೂರ್ತಿ ತೆರೆದು, 40 ವಾಟ್ ಬಲ್ಬಿನ ಬದಲು ಹೆಚ್ಚು ವಾಟ್‌ನ ಹೀಟರ್ ಮತ್ತು ಒಂದು ಚಿಕ್ಕ ಫ್ಯಾನ್ ಹಾಕಿ 50 ಡಿಗ್ರಿಯ ಆಸುಪಾಸಿನಲ್ಲಿ ಇಡುತ್ತಾರೆ. ಫ್ಯಾನ್ ಇಲ್ಲದೆ ಬಿಸಿ ಮಾತ್ರ ಕೊಟ್ಟರೆ ಒಳಗಿನ ಹಬೆ ಹೊರಗೆ ಹೋಗದೆ ಕಾಳು ಬೆವರುತ್ತದೆ. ಹಲ್ಲಿನಲ್ಲಿ ಕಚ್ಚಿದಾಗ ಕಟಕ್ಕೆಂದು ಒಡೆಯಬೇಕು, ಅದು ಒಣಗಿದ್ದರ ಗುರುತು. ನಿಮ್ಮ ಪೆಟ್ಟಿಗೆಯಲ್ಲಿ ಒಣಗಿಸುವ ಅನುಕೂಲ ಇಲ್ಲವೆಂದಾದರೆ ಮಳೆಗಾಲದಲ್ಲಿ ಹಿಟ್ಟಿಗಾಗಿ ಮೊಳಕೆಗೆ ಇಡಲೇಬೇಡಿ. ಏಪ್ರಿಲ್, ಮೇಯಲ್ಲಿ ಬಿಸಿಲಿರುವಾಗಲೇ ಮಾಡಿ ಒಣಗಿಸಿ, ಕಾಳಾಗಿಯೇ ಗಾಳಿಯಾಡದ ಡಬ್ಬದಲ್ಲಿ ಇಟ್ಟುಕೊಳ್ಳಿ. ಬೇಕಾದಾಗ ಸ್ವಲ್ಪ ಸ್ವಲ್ಪವೇ ಬೀಸಿಕೊಳ್ಳಬಹುದು.

ಮಾಡುವ ಕ್ರಮ

1. ಒಂದು ಕಿಲೋ ಹೊಸ ರಾಗಿಯನ್ನು ಕಲ್ಲು, ಕಸ, ಒಡೆದ ಕಾಳು ತೆಗೆದು ನೀರು ತಿಳಿಯಾಗುವ ತನಕ ತೊಳೆಯಿರಿ. ಬಿತ್ತನೆಗೆಂದು ಔಷಧಿ ಬೆರೆಸಿದ ಬೀಜವನ್ನು ಎಂದೂ ಬಳಸಬೇಡಿ, ಅದು ವಿಷ.

2. 12 ಗಂಟೆ ನೆನೆಸಿ. ನಡುವೆ ಒಮ್ಮೆ ನೀರು ಬದಲಿಸಿ. ಬಳಿಕ ಪೂರ್ತಿ ಬಸಿಯಿರಿ.

3. ಕುದಿಯುವ ನೀರಿನಿಂದ ತೊಳೆದು ಆರಿಸಿದ ತಟ್ಟೆಯಲ್ಲಿ ತೆಳ್ಳಗೆ ಹರಡಿ. ರಾಗಿ ತೂತಿನಿಂದ ಬೀಳದಂತೆ ಶುಭ್ರವಾದ ತೆಳು ಬಟ್ಟೆ ಹಾಸಿ. ಬಟ್ಟೆಯನ್ನೂ ಪ್ರತಿ ಸಲ ಕುದಿಸಿ ಒಣಗಿಸಬೇಕು.

4. 25ರಿಂದ 30 ಡಿಗ್ರಿಯಲ್ಲಿ ಒಂದರಿಂದ ಎರಡು ದಿನ ಇಡಿ. ಎಂಟು ಗಂಟೆಗೊಮ್ಮೆ ಕೈ ಸೋಪಿನಿಂದ ತೊಳೆದುಕೊಂಡು, ಕುದಿಸಿ ಆರಿಸಿದ ನೀರು ಚಿಮುಕಿಸಿ ಕೈಯಾಡಿಸಿ. ತಟ್ಟೆಯಲ್ಲಿ ನೀರು ನಿಲ್ಲಬಾರದು.

5. ಮೊಳಕೆ ಕಾಳಿಗಿಂತ ಸ್ವಲ್ಪ ಉದ್ದವಾದೊಡನೆ ನಿಲ್ಲಿಸಿ ಒಣಗಿಸಿ. ಎಲೆ ಹಸಿರಾಗುವ ತನಕ ಕಾಯಬೇಡಿ. ಕಾಳಿನ ಬುತ್ತಿಯನ್ನು ಸಸಿಯೇ ಉಂಡು ಮುಗಿಸುತ್ತದೆ, ರುಚಿಯೂ ಕಹಿಯಾಗುತ್ತದೆ.

6. ಒಣಗಿದ ಕಾಳನ್ನು ಅಂಗೈಯಲ್ಲಿ ಉಜ್ಜಿ ಬೇರು ಉದುರಿಸಿ, ಮೊರದಲ್ಲಿ ಕೇರಿ. ಹೆಚ್ಚಿನ ಪಾಲನ್ನು ಸಣ್ಣ ಉರಿಯಲ್ಲಿ ಪರಿಮಳ ಬರುವ ತನಕ ಹುರಿದು ಬೀಸಿ, ಜರಡಿ ಹಿಡಿಯಿರಿ. ಸರಿ ತೆಳ್ಳಗಾಗಿಸಲು ಒಂದು ಹಿಡಿಯಷ್ಟನ್ನು ಹುರಿಯದೆ ಬೀಸಿ ಪ್ರತ್ಯೇಕ ಡಬ್ಬದಲ್ಲಿ ಗುರುತು ಹಾಕಿಡಿ.

7. ಒಂದು ತಿಂಗಳಿಗೆ ಬೇಕಾದಷ್ಟೇ ಬೀಸಿ. ಕಾಯಿಸಿದ ಸರಿಯನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿಡಬೇಡಿ. ಬೆಳಿಗ್ಗೆ ಮಾಡಿದ್ದನ್ನು ಸಂಜೆ ಕೊಡಬೇಡಿ.

ಲೋಳೆಯಾದದ್ದು, ಹುಳಿ ವಾಸನೆ ಬಂದದ್ದು, ಬೂಷ್ಟು ಹಿಡಿದದ್ದು ಯಾವ ಹಂತದಲ್ಲಿ ಕಂಡರೂ ಎಸೆಯಿರಿ. ಆಹಾರ ಎಸೆಯಬಾರದೆಂದು ನಮಗೆ ಚಿಕ್ಕಂದಿನಿಂದಲೇ ಕಲಿಸಿದ್ದಾರೆ, ನಿಜ. ಆದರೆ ಕೆಟ್ಟದ್ದು ಆಹಾರವಲ್ಲ.

ಎಲ್ಲ ಕಾಳೂ ಒಂದೇ ಅಲ್ಲ

ರಾಗಿ, ಗೋಧಿ, ಹೆಸರುಕಾಳು ಇವು ಸುಲಭ. ಆದರೆ ಜೋಳದ ವಿಷಯದಲ್ಲಿ ಎಚ್ಚರ ಬೇಕು. ಜೋಳ ಮೊಳೆಯುವಾಗ ಅದರ ಬೇರು ಮತ್ತು ಚಿಗುರಿನಲ್ಲಿ ಸಯನೈಡ್ ಬಿಡುವ ವಸ್ತು ಉಂಟಾಗುತ್ತದೆ. ಎಳೆ ಜೋಳದ ಪೈರು ಮೇಯ್ದ ದನ ಸಾಯುವುದು ಉತ್ತರ ಕರ್ನಾಟಕದ ರೈತರಿಗೆ ಗೊತ್ತಿರುವ ಸಂಗತಿ, ಅದಕ್ಕೂ ಇದೇ ಕಾರಣ. ಜೋಳದ ಮೊಳಕೆಯನ್ನು ಹಸಿಯಾಗಿ ತಿನ್ನಲೇಬಾರದು. ಮಗುವಿನ ಹಿಟ್ಟಿಗಂತೂ ಅದನ್ನು ಬಳಸುವುದು ಬೇಡ. ರಾಜ್ಮಾ ಕಾಳನ್ನು ಮೊಳಕೆ ಬರಿಸಿ ಹಸಿಯಾಗಿ ತಿಂದರೆ ವಾಂತಿ ಭೇದಿಯಾಗುತ್ತದೆ, ಅದನ್ನು ಚೆನ್ನಾಗಿ ಕುದಿಸಿ ಬೇಯಿಸಲೇಬೇಕು.

ನಿಮಗೆ ಪೆಟ್ಟಿಗೆ ಬೇಕೇ?

ಮಂಗಳೂರು, ಉಡುಪಿ, ಕಾರವಾರದ ಕಡೆ ಇರುವವರಿಗೆ ಬಿಸಿಯ ಪೆಟ್ಟಿಗೆ ಬೇಕಾಗಿಲ್ಲ. ಅಲ್ಲಿ ಬೇಸಗೆಯಲ್ಲಿ ಸೆಖೆಯೇ ಸಮಸ್ಯೆ, ಕಾಳನ್ನು ತಂಪಾದ ಮೂಲೆಯಲ್ಲಿಡಬೇಕು. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಮಳೆಗಾಲದಲ್ಲಿ, ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ಅದು ಉಪಯೋಗಕ್ಕೆ ಬರುತ್ತದೆ. ಮನೆಯ ಒಂದು ಮಗುವಿಗಾದರೆ ಅದಕ್ಕೂ ದುಡ್ಡು ಖರ್ಚು ಮಾಡಬೇಡಿ. ಒಂದು ಹೊಸ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಕಾಳಿನ ತಟ್ಟೆಯ ಪಕ್ಕ ಬಿಸಿನೀರಿನ ಎರಡು ಬಾಟಲಿ ಇಟ್ಟು, ಆರಿದಾಗ ಬದಲಿಸಿದರೆ ಸಾಕು. ದಿನಕ್ಕೆ ಮೂರು ಸಲ ಮುಚ್ಚಳ ತೆರೆದು ಗಾಳಿಯಾಡಿಸಿ. ಮೀನು ತುಂಬಿದ ಹಳೆಯ ಪೆಟ್ಟಿಗೆ ಖಂಡಿತ ಬೇಡ. ಮಾರಾಟಕ್ಕೆ ಮಾಡುವವರಿಗೆ, ನಾಲ್ಕಾರು ಮನೆಗಳು ಸೇರಿ ಮಾಡುವವರಿಗೆ ಅಂತಸ್ತಿನ ಪೆಟ್ಟಿಗೆ ಒಳ್ಳೆಯದು. ಆದರೆ ಅವರ ಹೊಣೆಯೂ ಅಷ್ಟೇ ದೊಡ್ಡದು. ಮಾರುವುದಾದರೆ ಆಹಾರ ಸುರಕ್ಷತಾ ನೋಂದಣಿ ಬೇಕು. ಒಂದು ತಟ್ಟೆ ಕೆಟ್ಟರೆ ಕಾಯಿಲೆ ಹೋಗುವುದು ಹತ್ತು ಮನೆಯ ಮಕ್ಕಳಿಗೆ.

ಆ ಮನೆಯಲ್ಲಿ ನಾನಿದ್ದ ಎರಡನೆಯ ದಿನ ಬೆಳಿಗ್ಗೆ ಒಂದು ತಟ್ಟೆಯ ಮೂಲೆಯಲ್ಲಿ ಸ್ವಲ್ಪ ಲೋಳೆ ಕಂಡಿತು. ರಾತ್ರಿ ಕರೆಂಟು ಹೋಗಿತ್ತು, ಯಾರೋ ನೀರು ಜಾಸ್ತಿ ಚಿಮುಕಿಸಿದ್ದರು. ಅವರಲ್ಲಿ ಹಿರಿಯರಾದ ಒಬ್ಬ ತಾಯಿ ಬಗ್ಗಿ ಮೂಸಿ ನೋಡಿದರು. ಏನೂ ಮಾತಾಡದೆ ಆ ತಟ್ಟೆಯ ಒಂದೂವರೆ ಕಿಲೋ ರಾಗಿಯನ್ನು ಹಿತ್ತಲಿನ ಗೊಬ್ಬರದ ಗುಂಡಿಗೆ ಸುರಿದು ಬಂದರು. ಕಿರಿಯವಳೊಬ್ಬಳು, "ಆ ಮೂಲೆ ಮಾತ್ರ ತೆಗೆದರೆ ಸಾಕಿತ್ತಲ್ಲಾ ತಾಯೀ?" ಎಂದಳು. ಅವರು ತಟ್ಟೆ ತೊಳೆಯುತ್ತಲೇ, "ನಿನ್ನ ಮಗುವಿಗೆ ಕೊಡುತ್ತೀಯಾ?" ಎಂದು ಕೇಳಿದರು. ಅವಳು ಸುಮ್ಮನಾದಳು.

ಇಪ್ಪತ್ತು ವರ್ಷಗಳ ಹಿಂದೆ ನನ್ನನ್ನು ಹೀಗೆ ಕೇಳುವವರು ಯಾರೂ ಇರಲಿಲ್ಲ. ನೀವು ಮುಂದಿನ ಸಲ ಮೊಳಕೆಯ ಗಂಟು ಬಿಚ್ಚುವಾಗ, ಪೆಟ್ಟಿಗೆಯ ತಟ್ಟೆ ಹೊರತೆಗೆಯುವಾಗ, ಮೊದಲು ಬಗ್ಗಿ ಮೂಸಿ ನೋಡಿ. ಸಂಶಯ ಬಂದರೆ ಎಸೆಯಿರಿ. ಚೆನ್ನಾಗಿದ್ದರೆ ಒಣಗಿಸಿ, ಬೀಸಿ, ಕುದಿಸಿ ಮಗುವಿಗೆ ಉಣಿಸಿ. ಆಗ ಆ ಒಂದು ಲೋಟ ಸರಿಯಲ್ಲಿ ಮಗುವಿಗೆ ಸಿಗುವುದು ಬರೀ ನೀರಲ್ಲ, ಅನ್ನ.